ಒಂದೇ ಹೋಳು ಬ್ರೆಡ್, ತಾಜಾ ಹಣ್ಣು ಮತ್ತು ಚೀಸ್: ತೆರೆದ ಸ್ಯಾಂಡ್‌ವಿಚ್ ಮಾಡುವ ಕ್ರಮ

ತೆರೆದ ಸ್ಯಾಂಡ್‌ವಿಚ್ ಎಂದರೆ ಮೇಲೆ ಮುಚ್ಚುವ ಎರಡನೆಯ ಹೋಳಿಲ್ಲದ ಸ್ಯಾಂಡ್‌ವಿಚ್. ಒಂದು ಹೋಳು ಬ್ರೆಡ್ಡನ್ನು ಹಂಚಿನ ಮೇಲೆ ಕೆಂಪಗೆ ಕಾಯಿಸಿ, ಬೆಣ್ಣೆ ಸವರಿ, ಅದರ ಮೇಲೆ ಚೀಸ್ ಅಥವಾ ಪನೀರ್ ಹರಡಿ, ಆಯಾ ಕಾಲದ ಹಣ್ಣಿನ ಹೋಳುಗಳನ್ನು ಜೋಡಿಸಿದರೆ ತಿನಿಸು ಸಿದ್ಧವಾಗುತ್ತದೆ. ಕೆಲಸ ಇಷ್ಟೇ ಆದರೂ ಅನೇಕ ಮನೆಗಳಲ್ಲಿ ಇದನ್ನು ಒಮ್ಮೆ ಮಾಡಿ, ಮತ್ತೆ ಅದರ ಗೋಜಿಗೆ ಹೋಗುವುದಿಲ್ಲ. ತಟ್ಟೆಯಿಂದ ಎತ್ತಿದ ಕೂಡಲೇ ಬ್ರೆಡ್ ನೆನೆದು ಬಾಗುತ್ತದೆ, ಹಣ್ಣು ಒಂದು ಕಡೆಗೆ ಜಾರುತ್ತದೆ, ಚೀಸಿನ ರುಚಿ ನೀರು ನೀರಾಗುತ್ತದೆ. ಈ ಮೂರೂ ತೊಂದರೆಗಳ ಮೂಲ ಹಣ್ಣಿನ ರಸ. ಆ ರಸ ತಿನ್ನುವವರ ಬಾಯಿ ಸೇರುವ ಮೊದಲೇ ಬ್ರೆಡ್ಡಿಗೆ ಇಳಿಯದಂತೆ ನೋಡಿಕೊಳ್ಳುವುದೇ ಇಡೀ ಕೆಲಸದ ಗುಟ್ಟು. ಮುಂದೆ ಹೇಳುವ ಹಂತಗಳಲ್ಲಿ ಬಹುಪಾಲು ಅದಕ್ಕಾಗಿಯೇ ಇವೆ.

ಡೆನ್ಮಾರ್ಕ್ ದೇಶದಲ್ಲಿ ತೆರೆದ ಸ್ಯಾಂಡ್‌ವಿಚ್ ಮಧ್ಯಾಹ್ನದ ಊಟವೇ ಆಗಿದೆ. ಅಲ್ಲಿಯವರು ರೈ ಧಾನ್ಯದ ಕಪ್ಪು, ಗಟ್ಟಿ ಬ್ರೆಡ್ಡಿಗೆ ಅಂಚಿನವರೆಗೂ ಬೆಣ್ಣೆ ಬಳಿದು, ಅದರ ಮೇಲೆ ಮೀನು, ಮೊಟ್ಟೆ, ಮಾಂಸ, ಚೀಸ್ ಮುಂತಾದವನ್ನು ಇಟ್ಟು ಫೋರ್ಕು ಚಾಕುವಿನಿಂದ ತಿನ್ನುತ್ತಾರೆ. ನಮಗೆ ಅವರಿಂದ ಕಲಿಯಬೇಕಾದದ್ದು ಮೇಲಿನ ಪದಾರ್ಥಗಳಿಗಿಂತ ಹೆಚ್ಚಾಗಿ ಆ ಬೆಣ್ಣೆಯ ಪದರ. ಬೆಣ್ಣೆ ರುಚಿಗೆ ಮಾತ್ರ ಇರುವುದಲ್ಲ. ಜಿಡ್ಡು ನೀರನ್ನು ಹೀರುವುದಿಲ್ಲವಾದ್ದರಿಂದ ಮೇಲಿನ ತೇವ ಕೆಳಗಿನ ಬ್ರೆಡ್ಡಿಗೆ ಇಳಿಯದಂತೆ ಅದು ತಡೆಯುತ್ತದೆ. ಉಳಿದಂತೆ ಹಣ್ಣು, ಹಾಲು, ಖಾರ ಎಲ್ಲವೂ ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತಲೇ ಸಿಗುವಾಗ ದೂರದ ಸಾಮಾನಿಗೆ ಆಸೆಪಡುವ ಅಗತ್ಯ ನನಗೆ ಕಾಣುವುದಿಲ್ಲ.

ಬ್ರೆಡ್ಡಿನ ಆಯ್ಕೆ

ನಮ್ಮ ಊರುಗಳ ಬೇಕರಿಗಳಲ್ಲಿ ಕೇಳಿದರೆ ಕೊಯ್ಯದ ಇಡೀ ಬ್ರೆಡ್ ಸಿಗುತ್ತದೆ. ಸಾಧ್ಯವಾದರೆ ಅದನ್ನೇ ತಂದು ಮನೆಯಲ್ಲಿ ಹಲ್ಲಿರುವ ಚಾಕುವಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದುಕೊಳ್ಳಬೇಕು. ಪೊಟ್ಟಣದಲ್ಲಿ ಕೊಯ್ದು ಬರುವ ಹೋಳು ಮುಚ್ಚಿದ ಸ್ಯಾಂಡ್‌ವಿಚ್‌ಗೆ ಸಾಕಾಗುತ್ತದೆಯೇ ಹೊರತು, ಎಲ್ಲ ಭಾರವನ್ನೂ ಒಂದೇ ಹೋಳು ಹೊರಬೇಕಾದ ಇಲ್ಲಿ ಅದು ತೆಳುವಾಗುತ್ತದೆ. ಅದೇ ದಿನ ಒಲೆಯಿಂದ ಇಳಿದ ಬ್ರೆಡ್ಡಿಗಿಂತ ಹಿಂದಿನ ದಿನದ ಬ್ರೆಡ್ ಹೆಚ್ಚು ಅನುಕೂಲ, ಏಕೆಂದರೆ ಅದು ಚೂರಾಗದೆ ಸಮವಾಗಿ ಕೊಯ್ಯಲು ಬರುತ್ತದೆ ಮತ್ತು ಹಂಚಿನ ಮೇಲೆ ಬೇಗ ಗರಿಗರಿಯಾಗುತ್ತದೆ. ಸಿಹಿ ಬ್ರೆಡ್ ಮತ್ತು ಹಾಲಿನ ಬ್ರೆಡ್ಡನ್ನು ಈ ತಿನಿಸಿಗೆ ಬಳಸದಿರುವುದು ಒಳ್ಳೆಯದು. ಅವುಗಳಲ್ಲಿರುವ ಸಕ್ಕರೆ ಹಂಚಿನ ಮೇಲೆ ಬೇಗ ಕರಕಾಗುತ್ತದೆ. ಹಣ್ಣಿನ ಸಿಹಿಯ ಜೊತೆಗೆ ಬ್ರೆಡ್ಡಿನ ಸಿಹಿಯೂ ಸೇರಿದರೆ ಚೀಸಿಗೆ ಮಾತನಾಡಲು ಜಾಗವೇ ಉಳಿಯುವುದಿಲ್ಲ. ಗೋಧಿ ಬ್ರೆಡ್ ಬೇಕೆನ್ನುವವರು ಪೊಟ್ಟಣದ ಮುಂಭಾಗದ ಹೆಸರನ್ನು ನಂಬದೆ ಹಿಂದಿನ ಪದಾರ್ಥಗಳ ಪಟ್ಟಿಯನ್ನು ಓದಬೇಕು. ಆ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯುವ ನಿಯಮವಿರುವುದರಿಂದ, ಮೊದಲ ಹೆಸರು ಮೈದಾ ಆಗಿದ್ದರೆ ಅದು ಬಣ್ಣಕ್ಕಷ್ಟೇ ಗೋಧಿ ಬ್ರೆಡ್.

ಚೀಸ್, ಪನೀರ್, ಚಕ್ಕಾ

ಅಂಗಡಿಯ ಫ್ರಿಜ್ಜಿನಲ್ಲಿ ಕ್ಯೂಬ್ ಅಥವಾ ಸ್ಲೈಸ್ ರೂಪದಲ್ಲಿ ಸಿಗುವುದು ಪ್ರೊಸೆಸ್ಡ್ ಚೀಸ್. ಮಾಗಿದ ಚೀಸನ್ನು ಕೆಲವು ಲವಣಗಳೊಂದಿಗೆ ಕರಗಿಸಿ, ಮತ್ತೆ ಅಚ್ಚಿಗೆ ಹಾಕಿ ಅದನ್ನು ತಯಾರಿಸುತ್ತಾರೆ. ಉಪ್ಪು ತುಸು ಜಾಸ್ತಿ ಇರುವುದರಿಂದ ಅತಿ ಸಿಹಿಯಾದ ಹಣ್ಣುಗಳ ಜೊತೆ, ಅದರಲ್ಲೂ ಚಿಕ್ಕು ಮತ್ತು ಬಾಳೆಯ ಜೊತೆ, ಚೆನ್ನಾಗಿ ಹೊಂದುತ್ತದೆ. ಅದನ್ನು ಬಳಸುವಾಗ ಬೇರೆ ಉಪ್ಪು ಹಾಕುವ ಅಗತ್ಯವಿಲ್ಲ. ಫ್ರಿಜ್ಜಿನಿಂದ ತೆಗೆದ ತಕ್ಷಣ ತಣ್ಣಗಿರುವಾಗಲೇ ತುರಿದುಕೊಂಡರೆ ಎಳೆ ಎಳೆಯಾಗಿ ಬರುತ್ತದೆ. ಬೆಚ್ಚಗಾದರೆ ತುರಿಯುವ ಮಣೆಗೆ ಅಂಟಿಕೊಳ್ಳುತ್ತದೆ. ಶುದ್ಧ ಸಸ್ಯಾಹಾರಿ ಮನೆಗಳವರು ಒಂದು ಸಂಗತಿಯನ್ನು ಗಮನಿಸಬೇಕು. ಹೊರದೇಶದ ಕೆಲವು ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಆದ್ದರಿಂದ ಯಾವುದೇ ಚೀಸ್ ಕೊಳ್ಳುವಾಗ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿ ತರಬೇಕು.

ಆದರೆ ತಾಜಾ ಹಣ್ಣಿಗೆ ತಾಜಾ ಚೀಸೇ ಸರಿಯಾದ ಜೋಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ ಒಡೆಸಿದ ಹಾಲಿನ ಮೆತ್ತನೆಯ ಪನೀರಿನಲ್ಲಿ ಹಾಲಿನ ನವಿರಾದ ಸಿಹಿ ಉಳಿದಿರುತ್ತದೆ. ಹಣ್ಣಿನ ಪರಿಮಳವನ್ನು ಅದು ಅಡಗಿಸುವುದಿಲ್ಲ. ಇದಕ್ಕೆ ಒಂದು ಲೀಟರ್ ಎಮ್ಮೆಯ ಹಾಲು ಬೇಕು. ಆಕಳ ಹಾಲಿಗಿಂತ ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚಾಗಿರುವುದರಿಂದ ಪನೀರ್ ಹೆಚ್ಚು ಬರುತ್ತದೆ ಮತ್ತು ಮೃದುವಾಗಿಯೂ ಇರುತ್ತದೆ. ಧಾರವಾಡಿ ಎಮ್ಮೆಯ ಸೀಮೆಯಲ್ಲಿ ವಾಸಿಸುವ ನಮಗೆ ಅಂಥ ಹಾಲಿಗೆ ಕೊರತೆಯಿಲ್ಲ. ಹಾಲು ಒಮ್ಮೆ ಉಕ್ಕಿ ಬಂದ ಮೇಲೆ ಒಲೆ ಆರಿಸಿ, ಎರಡು ಮೂರು ನಿಮಿಷ ಹಾಗೆಯೇ ಬಿಡಬೇಕು. ಎರಡು ದೊಡ್ಡ ಚಮಚ ಲಿಂಬೆ ರಸಕ್ಕೆ ಅಷ್ಟೇ ನೀರು ಬೆರೆಸಿ, ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಲಿಗೆ ಹಾಕುತ್ತ, ಚಮಚದಿಂದ ಮೆಲ್ಲಗೆ ಒಂದೇ ದಿಕ್ಕಿಗೆ ತಿರುವುತ್ತಿರಬೇಕು. ಮೊದಲು ಸಣ್ಣ ಸಣ್ಣ ಹರಳುಗಳು ಕಾಣಿಸಿಕೊಂಡು, ಆಮೇಲೆ ಅವು ಒಂದಕ್ಕೊಂದು ಕೂಡಿ ಗಡ್ಡೆಯಾಗಿ, ಸುತ್ತಲಿನ ನೀರು ಹಸಿರು ಛಾಯೆಯ ತಿಳಿಯಾಗಿ ನಿಂತಾಗ ಲಿಂಬೆ ರಸ ಹಾಕುವುದನ್ನು ನಿಲ್ಲಿಸಬೇಕು. ಎರಡು ಚಮಚ ಪೂರ್ತಿ ಖರ್ಚಾಗದಿದ್ದರೆ ಉಳಿದದ್ದನ್ನು ಹಾಕಬೇಕೆಂದಿಲ್ಲ. ಒಡೆದ ಮೇಲೆ ಮತ್ತೆ ಕುದಿಸಿದರೆ ಪನೀರ್ ರಬ್ಬರಿನಂತಾಗುತ್ತದೆ, ಎಷ್ಟು ನಾದಿದರೂ ಮೆತ್ತಗಾಗುವುದಿಲ್ಲ. ತೆಳುವಾದ ಬಟ್ಟೆಯಲ್ಲಿ ಸೋಸಿ, ಲಿಂಬೆಯ ಹುಳಿ ಹೋಗುವಂತೆ ಮೇಲಿನಿಂದ ಒಂದು ಲೋಟ ತಣ್ಣೀರು ಸುರಿದು, ಗಂಟು ಕಟ್ಟಿ ಸುಮಾರು ಅರ್ಧ ಗಂಟೆ ತೂಗುಹಾಕಿದರೆ ಸಾಕು. ಕಲ್ಲಿನ ಕೆಳಗಿಟ್ಟು ಒತ್ತಬಾರದು, ನಮಗೆ ಬೇಕಾಗಿರುವುದು ತುಂಡರಿಸುವ ಪನೀರ್ ಅಲ್ಲ. ಬಳಿಕ ತಟ್ಟೆಗೆ ಹಾಕಿ, ಕಾಲು ಚಮಚ ಉಪ್ಪು, ಒಂದು ಚಮಚ ಕೆನೆ ಸೇರಿಸಿ ಅಂಗೈಯ ಬುಡದಿಂದ ತೀಡುತ್ತ ನಾದಬೇಕು. ನಾಲ್ಕೈದು ನಿಮಿಷದಲ್ಲಿ ಹರಳು ಹರಳಾಗಿದ್ದದ್ದು ನಯವಾಗಿ, ಚಾಕುವಿನಲ್ಲಿ ಸವರಿದರೆ ಬೆಣ್ಣೆಯಂತೆ ಹರಡುವ ಹದಕ್ಕೆ ಬರುತ್ತದೆ. ಒಂದು ಲೀಟರಿನಿಂದ ಸುಮಾರು 200 ಗ್ರಾಂ ಬರುತ್ತದೆ, ಅಂದರೆ ಆರು ಹೋಳುಗಳಿಗೆ ಆಗುವಷ್ಟು. ಸೋಸಿದ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಬಳಸಬಹುದು.

ಇಷ್ಟು ಶ್ರಮ ಬೇಡ ಎನ್ನುವವರಿಗೆ ಚಕ್ಕಾ ಇದೆ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸುವುದು ನಮ್ಮ ಭಾಗದ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಸಕ್ಕರೆ ಬೆರೆಸುವ ಮೊದಲಿನ ಆ ಚಕ್ಕಾಕ್ಕೆ ಚಿಟಿಕೆ ಉಪ್ಪು ಸೇರಿಸಿ ಕಲಸಿದರೆ, ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಕ್ರೀಮ್ ಚೀಸಿನ ಸ್ಥಾನವನ್ನು ಅದು ಸಮರ್ಥವಾಗಿ ತುಂಬುತ್ತದೆ. ಗಟ್ಟಿ ಮೊಸರನ್ನೇ ತೆಗೆದುಕೊಳ್ಳಬೇಕು ಮತ್ತು ಬೇಸಿಗೆಯಲ್ಲಿ ಗಂಟನ್ನು ಜರಡಿಯ ಮೇಲಿಟ್ಟು ಫ್ರಿಜ್ಜಿನಲ್ಲೇ ರಾತ್ರಿಯಿಡೀ ನೀರಿಳಿಸಬೇಕು. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಏರುತ್ತದೆ.

ಯಾವ ಕಾಲಕ್ಕೆ ಯಾವ ಹಣ್ಣು

ವರ್ಷದ ಯಾವ ತಿಂಗಳಲ್ಲಿ ಮಾಡುತ್ತಿದ್ದೇವೆ ಎಂಬುದರ ಮೇಲೆಯೇ ಹಣ್ಣನ್ನು ನಿರ್ಧರಿಸಬೇಕು. ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ ಧಾರವಾಡದ ಆಪೂಸು ಮಾವು ಇರುವಾಗ ಬೇರೆ ಹಣ್ಣಿನ ವಿಚಾರವೇ ಬೇಡ. ಚಳಿಗಾಲದಲ್ಲಿ ಪೇರಲ, ಜನವರಿಯ ನಂತರ ವಿಜಯಪುರದ ಕಡೆಯಿಂದ ಬರುವ ಬೀಜವಿಲ್ಲದ ದ್ರಾಕ್ಷಿ, ವರ್ಷದ ಬಹುಕಾಲ ಚಿಕ್ಕು ಮತ್ತು ಬಾಳೆ ಸಿಗುತ್ತವೆ. ದಾಳಿಂಬೆಯನ್ನು ಮುಖ್ಯ ಹಣ್ಣಾಗಿ ಬಳಸುವುದಕ್ಕಿಂತ ಮೇಲೆ ಉದುರಿಸಲು ಬಳಸುವುದು ಚೆಂದ. ಕಲ್ಲಂಗಡಿಯನ್ನು ಮಾತ್ರ ಈ ತಿನಿಸಿಗೆ ತರಲೇಬಾರದು. ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವುದರಿಂದ ಯಾವ ಬೆಣ್ಣೆಯ ಪದರವೂ ಅದನ್ನು ತಡೆಯಲಾರದು.

ಪೇರಲ ಹಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಚೀಸಿನ ಜೊತೆಗೆ ಇಷ್ಟು ಚೆನ್ನಾಗಿ ಕೂಡುವ ಹಣ್ಣು ನಮ್ಮಲ್ಲಿ ಇನ್ನೊಂದಿಲ್ಲ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇರುವ ನವಲೂರು ಪೇರಲಕ್ಕೆ ಹೆಸರಾದ ಊರು. ಅಲ್ಲಿಯ ಹಣ್ಣನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾರುವವರು ಎರಡೂ ಊರುಗಳವರಿಗೆ ಪರಿಚಿತರೇ. ಪೇರಲ ಮಳೆಗಾಲದಲ್ಲೂ ಬರುತ್ತದೆ, ಚಳಿಗಾಲದಲ್ಲೂ ಬರುತ್ತದೆ. ಆದರೆ ಮಳೆಗಾಲದ ಹಣ್ಣಿನಲ್ಲಿ ನೀರು ಹೆಚ್ಚು, ಹುಳದ ಕಾಟವೂ ಹೆಚ್ಚು. ಚಳಿಗಾಲದ ಹಣ್ಣು ಗಟ್ಟಿಯಾಗಿಯೂ ಸಿಹಿಯಾಗಿಯೂ ಇರುತ್ತದೆ. ಸ್ಯಾಂಡ್‌ವಿಚ್‌ಗೆ ಪೂರ್ತಿ ಹಳದಿಯಾಗಿ ಮೆತ್ತಗಾದ ಹಣ್ಣು ಬೇಡ, ಕಡು ಹಸಿರು ಕಾಯಿಯೂ ಬೇಡ. ಸಿಪ್ಪೆ ಹಸಿರಿನಿಂದ ತಿಳಿ ಹಳದಿಗೆ ತಿರುಗಿ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ಒಳಸರಿದು, ಮೂಗಿನ ಬಳಿ ಹಿಡಿದರೆ ಪರಿಮಳ ಬರುವ ಹಣ್ಣು ಸರಿಯಾದ ಹದದ್ದು. ಸಿಪ್ಪೆ ತೆಗೆಯಬೇಕಾಗಿಲ್ಲ. ನಡುವಿನ ಬೀಜದ ಭಾಗ ಚಿಕ್ಕ ಮಕ್ಕಳಿಗೂ ಹಲ್ಲು ಸೂಕ್ಷ್ಮವಾಗಿರುವ ಹಿರಿಯರಿಗೂ ಕಷ್ಟವಾದ್ದರಿಂದ ಹಣ್ಣನ್ನು ಎರಡು ಹೋಳು ಮಾಡಿ, ಚಮಚದಿಂದ ಆ ಭಾಗವನ್ನು ತೋಡಿ ತೆಗೆದು, ಉಳಿದ ದಪ್ಪ ತೊಳೆಯನ್ನು ಮೂರು ಮಿಲಿಮೀಟರಿನಷ್ಟು ತೆಳುವಾಗಿ ಹೆಚ್ಚಬೇಕು. ಬಿಳಿಯ ಹಣ್ಣಿಗೆ ಗಾಳಿ ತಾಗಿದಾಗ ಬಣ್ಣ ಕಂದುವುದರಿಂದ ಹೆಚ್ಚಿದ ಕೂಡಲೇ ಎರಡು ಹನಿ ಲಿಂಬೆ ರಸ ಹಚ್ಚಿಡುವುದು ಒಳ್ಳೆಯದು. ಬಾಳೆ ಮತ್ತು ಸೇಬಿಗೂ ಇದೇ ಉಪಾಯ.

ಮಾವನ್ನು ಆರಿಸುವಾಗ ಬಣ್ಣಕ್ಕಿಂತ ವಾಸನೆಗೆ ಬೆಲೆ ಕೊಡಬೇಕು. ತೊಟ್ಟಿನ ಬಳಿ ಮೂಸಿದಾಗ ಪರಿಮಳವಿಲ್ಲದೆ ಹೊರಗೆ ಮಾತ್ರ ಒಂದೇ ಸಮನೆ ಹಳದಿಯಾಗಿರುವ ಹಣ್ಣು ತಾನಾಗಿ ಮಾಗಿದ್ದಲ್ಲ ಎಂದು ಸಂಶಯಪಡಲು ಕಾರಣವಿದೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ತೀರ ಮಾಗಿ ರಸ ತುಂಬಿದ ಆಪೂಸು ಶೀಕರಣೆಗೆ ಉತ್ತಮ, ಸ್ಯಾಂಡ್‌ವಿಚ್‌ಗೆ ಅದಕ್ಕಿಂತ ಒಂದು ದಿನ ಹಿಂದಿನ ಹದ ಬೇಕು.

ಬನವಾಸಿಯ ಕಡೆಯಿಂದ ಬರುವ ಅನಾನಸನ್ನು ಹಸಿಯಾಗಿ ಪನೀರ್ ಅಥವಾ ಚಕ್ಕಾದ ಮೇಲೆ ಇಡಬಾರದು. ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಸ್ವಲ್ಪ ಹೊತ್ತಿನಲ್ಲೇ ಚೀಸ್ ನೀರೊಡೆದು ಕಹಿಯಾಗುತ್ತದೆ. ಕಿವಿ ಹಣ್ಣಿನಲ್ಲೂ ಕಾಯಿ ಪಪ್ಪಾಯಿಯಲ್ಲೂ ಇಂಥದೇ ಕಿಣ್ವಗಳಿವೆ. ಅನಾನಸಿನ ಹೋಳುಗಳನ್ನು ಕಾದ ಹಂಚಿನ ಮೇಲೆ ಎರಡೂ ಬದಿಗೆ ರಸ ಕುದಿದು ಅಂಚು ಕೆಂಪಾಗುವಂತೆ ಸುಟ್ಟುಕೊಂಡರೆ ಆ ಕಿಣ್ವ ಬಿಸಿಗೆ ನಾಶವಾಗುತ್ತದೆ, ರಸವೂ ಇಂಗುತ್ತದೆ. ಅನಾನಸು ಬಳಸುವುದಾದರೆ ಹೀಗೆಯೇ ಬಳಸಬೇಕು.

ಮಾಡುವ ಕ್ರಮ

ನಾಲ್ಕು ಹೋಳು ಬ್ರೆಡ್ಡಿಗೆ ನಾಲ್ಕು ಚಿಕ್ಕ ಚಮಚ ಬೆಣ್ಣೆ, 120 ಗ್ರಾಂ ಪನೀರ್ ಅಥವಾ ಚಕ್ಕಾ, ಸುಮಾರು 200 ಗ್ರಾಂ ಹೆಚ್ಚಿದ ಹಣ್ಣು ಬೇಕಾಗುತ್ತದೆ. ಪ್ರೊಸೆಸ್ಡ್ ಚೀಸ್ ಆದರೆ ಒಂದು ಹೋಳಿಗೆ ಒಂದು ಕ್ಯೂಬ್ ಸಾಕು.

ಮೊದಲು ಹಣ್ಣಿನ ಕೆಲಸ ಮುಗಿಸಬೇಕು. ಫ್ರಿಜ್ಜಿನಲ್ಲಿದ್ದ ಹಣ್ಣನ್ನು ಅರ್ಧ ಗಂಟೆ ಮುಂಚೆಯೇ ಹೊರಗೆ ತೆಗೆದಿಡಬೇಕು, ಏಕೆಂದರೆ ಕೊರೆಯುವಷ್ಟು ತಣ್ಣಗಿರುವ ಹಣ್ಣಿನಲ್ಲಿ ಪರಿಮಳ ಏಳುವುದಿಲ್ಲ. ಸಿಪ್ಪೆ ತೆಗೆಯುವ ಹಣ್ಣನ್ನೂ ಹೆಚ್ಚುವ ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಒರೆಸಬೇಕು. ಇಲ್ಲವಾದರೆ ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಮೂಲಕ ಒಳಗಿನ ತಿರುಳಿಗೆ ಸೇರುತ್ತದೆ. ಚಾಕು ಹರಿತವಾಗಿರಬೇಕೆಂಬುದನ್ನು ಬಹಳ ಜನ ಲಕ್ಷಿಸುವುದಿಲ್ಲ. ಮೊಂಡು ಚಾಕು ಹಣ್ಣನ್ನು ಕೊಯ್ಯುವ ಬದಲು ಜಜ್ಜುತ್ತದೆ, ಜಜ್ಜಿದ ಕಡೆಯಿಂದ ರಸ ಸೋರುತ್ತದೆ, ಹಲಗೆ ಒದ್ದೆಯಾದಷ್ಟೂ ಹಣ್ಣಿನ ರುಚಿ ಹಲಗೆಗೆ ಹೋಯಿತೆಂದೇ ಅರ್ಥ. ಮಾವು ಮತ್ತು ಚಿಕ್ಕುವನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಬೇಕು, ದ್ರಾಕ್ಷಿಯನ್ನು ಉದ್ದಕ್ಕೆ ಎರಡು ಹೋಳು ಮಾಡಬೇಕು. ಹೆಚ್ಚಿದ ಹೋಳುಗಳನ್ನು ಒಂದರ ಮೇಲೊಂದು ಗುಡ್ಡೆ ಹಾಕದೆ, ಸ್ವಚ್ಛವಾದ ಹತ್ತಿಯ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಬ್ರೆಡ್ ಕಾಯಿಸಿ ಮುಗಿಯುವವರೆಗೆ ಬಿಟ್ಟರೆ ಮೇಲಿನ ತೇವವನ್ನು ಬಟ್ಟೆ ಹೀರಿಕೊಳ್ಳುತ್ತದೆ. ಈ ಹಂತದಲ್ಲಿ ಉಪ್ಪನ್ನಾಗಲಿ ಸಕ್ಕರೆಯನ್ನಾಗಲಿ ಹಣ್ಣಿಗೆ ಸೋಕಿಸಬಾರದು. ಎರಡೂ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತವೆ.

ಹಂಚನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಎಣ್ಣೆ ತುಪ್ಪ ಏನೂ ಹಾಕದೆ ಬ್ರೆಡ್ ಹೋಳುಗಳನ್ನು ಇಡಬೇಕು. ಒಂದು ಬದಿಗೆ ಒಂದೂವರೆಯಿಂದ ಎರಡು ನಿಮಿಷ ಹಿಡಿಯುತ್ತದೆ. ಮೇಲ್ಮೈ ಹೊಂಬಣ್ಣಕ್ಕೆ ಬಂದು, ಉಗುರಿನಿಂದ ಗೀರಿದರೆ ಕರಕರ ಎನ್ನಬೇಕು. ಒಳಗೆ ಮಾತ್ರ ಮೆತ್ತಗೆ ಉಳಿದಿರಬೇಕು. ಜೋರು ಉರಿಯಲ್ಲಿ ಹೊರಗೆ ಕರಕಾಗಿ ಒಳಗೆ ಹಾಗೆಯೇ ಇರುತ್ತದೆ, ತೀರ ಸಣ್ಣ ಉರಿಯಲ್ಲಿ ಹೋಳು ಪೂರ್ತಿ ಒಣಗಿ ಟೋಸ್ಟಿನಂತೆ ಗಟ್ಟಿಯಾಗುತ್ತದೆ ಮತ್ತು ಕಚ್ಚಿದಾಗ ಹಣ್ಣೆಲ್ಲ ಸಿಡಿದು ಬೀಳುತ್ತದೆ. ಕಾಯಿಸಿದ ಹೋಳನ್ನು ತಟ್ಟೆಯ ಮೇಲೆ ಮಲಗಿಸಿದರೆ ಅದರಿಂದ ಏಳುವ ಹಬೆ ಕೆಳಗೆ ಸಿಕ್ಕಿಕೊಂಡು, ಗರಿಗರಿಯಾಗಿದ್ದ ಬದಿಯೇ ಒದ್ದೆಯಾಗುತ್ತದೆ. ಆದುದರಿಂದ ಎರಡು ಹೋಳುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು, ಇಲ್ಲವೇ ಜಾಳಿಗೆಯ ಮೇಲೆ ಇಡಬೇಕು.

ಬೆಣ್ಣೆ ಹಚ್ಚುವ ಹೊತ್ತು ಬಹಳ ಮುಖ್ಯವಾದದ್ದು. ಸುಡುಸುಡುವ ಬ್ರೆಡ್ಡಿಗೆ ಹಚ್ಚಿದ ಬೆಣ್ಣೆ ಕರಗಿ ಒಳಗಿಳಿದುಬಿಡುತ್ತದೆ. ತಿನ್ನಲು ಅದು ರುಚಿಯೇ ಆದರೂ ತಡೆಯುವ ಪದರವಾಗಿ ಮೇಲೆ ಉಳಿಯುವುದಿಲ್ಲ. ಎರಡು ಮೂರು ನಿಮಿಷ ಆರಿ, ಮುಟ್ಟಿದರೆ ಉಗುರು ಬೆಚ್ಚಗಿರುವಾಗ ಮೆತ್ತನೆಯ ಬೆಣ್ಣೆಯನ್ನು ತೆಳುವಾಗಿ, ಆದರೆ ನಾಲ್ಕೂ ಅಂಚಿನವರೆಗೆ ಬಿಡದೆ ಸವರಬೇಕು. ಮಧ್ಯದಲ್ಲಿ ದಪ್ಪಗೆ ಹಚ್ಚಿ ಅಂಚು ಬಿಡುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯ. ನೆನೆಯುವುದು ಆ ಬಿಟ್ಟ ಜಾಗದಿಂದಲೇ ಶುರುವಾಗುತ್ತದೆ. ಉಪ್ಪಿಲ್ಲದ ಮನೆಯ ಬೆಣ್ಣೆ ಇದ್ದರೆ ಬಹಳ ಒಳ್ಳೆಯದು, ಆದರೆ ಅದರಲ್ಲಿ ಮಜ್ಜಿಗೆಯ ಹನಿಗಳು ಉಳಿದಿರದಂತೆ ಹಿಂಡಿ ತೆಗೆದಿರಬೇಕು.

ಬೆಣ್ಣೆಯ ಮೇಲೆ ಒಂದು ಹೋಳಿಗೆ ಎರಡು ದೊಡ್ಡ ಚಮಚದಷ್ಟು ಪನೀರನ್ನು ಅಥವಾ ಚಕ್ಕಾವನ್ನು ಹರಡಿ, ಚಮಚದ ಬೆನ್ನಿನಿಂದ ಅಲ್ಲಲ್ಲಿ ಒತ್ತಿ ಸಣ್ಣ ಕುಳಿಗಳನ್ನು ಮಾಡಬೇಕು. ಹಣ್ಣಿನ ಹೋಳು ಆ ಕುಳಿಗಳಲ್ಲಿ ಕುಳಿತುಕೊಳ್ಳುವುದರಿಂದ ಜಾರುವುದಿಲ್ಲ. ನಯವಾಗಿ ಸಾರಿಸಿದ ಚೀಸಿನ ಮೇಲೆ ಹಣ್ಣು ನಿಲ್ಲದಿರುವುದನ್ನು ಯಾರು ಬೇಕಾದರೂ ಒಮ್ಮೆ ಮಾಡಿ ನೋಡಬಹುದು. ಹೋಳನ್ನು ತ್ರಿಕೋನವಾಗಿ ಕತ್ತರಿಸಿ ಬಡಿಸುವ ಇಚ್ಛೆಯಿದ್ದರೆ ಹಣ್ಣಿಡುವ ಮೊದಲು, ಅಂದರೆ ಈಗಲೇ ಕತ್ತರಿಸಬೇಕು. ಹಣ್ಣಿಟ್ಟ ಮೇಲೆ ಚಾಕು ಒತ್ತಿದರೆ ಇಷ್ಟು ಹೊತ್ತು ಕಾಪಾಡಿದ ರಸವೆಲ್ಲ ಬ್ರೆಡ್ಡಿಗೆ ಇಳಿಯುತ್ತದೆ. ಆಮೇಲೆ ಹಣ್ಣಿನ ಹೋಳುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ, ಮನೆಯ ಹೆಂಚು ಹೊದಿಸುವ ಕ್ರಮದಲ್ಲಿ, ಒಂದೇ ಪದರವಾಗಿ ಜೋಡಿಸಬೇಕು. ಎರಡನೆಯ ಪದರ ಬೇಡ. ಉಪ್ಪು, ಮೆಣಸಿನ ಪುಡಿ, ಜೇನುತುಪ್ಪ ಮುಂತಾದುವನ್ನು ತಟ್ಟೆ ಕೈಗೆ ಕೊಡುವ ಕ್ಷಣದಲ್ಲಿ ಹಾಕಬೇಕು, ಅದಕ್ಕೂ ಮೊದಲು ಅಲ್ಲ. ಹೀಗೆ ಮಾಡಿದ ಸ್ಯಾಂಡ್‌ವಿಚ್ ಹತ್ತು ಹದಿನೈದು ನಿಮಿಷ ಗರಿಗರಿಯಾಗಿಯೇ ಇರುತ್ತದೆ.

ನಮ್ಮ ಹಣ್ಣುಗಳಿಗೆ ಹೊಂದುವ ಜೋಡಿಗಳು

ಪೇರಲಕ್ಕೆ ಪನೀರ್, ಅದರ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಒಂದೆರಡು ಹರಳು ಉಪ್ಪು, ಎರಡು ಹನಿ ಲಿಂಬೆ ರಸ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬಣ್ಣ ಗಾಢವಾಗಿದ್ದು ಖಾರ ಕಡಿಮೆ ಇರುವುದರಿಂದ ಹಣ್ಣಿನ ರುಚಿಯನ್ನು ಮುಚ್ಚದೆ ಅದಕ್ಕೆ ಕಂಪು ಕೊಡುತ್ತದೆ. ಅಂಗಡಿಯ ಪುಡಿಗಿಂತ, ಒಂದು ಒಣ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಜ ಉದುರಿಸಿ, ಕೈಯಿಂದಲೇ ತರಿತರಿಯಾಗಿ ಪುಡಿ ಮಾಡಿ ಉದುರಿಸಿದರೆ ಬಿಳಿಯ ಪನೀರಿನ ಮೇಲೆ ಕೆಂಪು ಚುಕ್ಕೆಗಳಾಗಿ ಕಾಣುತ್ತದೆ, ಸುಟ್ಟ ವಾಸನೆಯೂ ಹಿತವಾಗಿರುತ್ತದೆ. ಶಾಲೆಯ ಗೇಟಿನ ಬಳಿ ಉಪ್ಪು ಖಾರ ಹಚ್ಚಿದ ಪೇರಲ ತಿಂದು ಬೆಳೆದವರಿಗೆ ಈ ಜೋಡಿಯನ್ನು ಬೇರೆಯಾಗಿ ಪರಿಚಯಿಸುವ ಅಗತ್ಯವಿಲ್ಲ. ಒಂದೇ ಬಗೆಯನ್ನು ಮಾಡುವುದಾದರೆ ಇದನ್ನೇ ಮಾಡಿರಿ ಎನ್ನುತ್ತೇನೆ.

ಆಪೂಸಿಗೆ ಚಕ್ಕಾ, ಮೇಲೆ ಆಗ ತಾನೆ ಕುಟ್ಟಿದ ಕರಿಮೆಣಸು. ಸಕ್ಕರೆಯಾಗಲಿ ಜೇನಾಗಲಿ ಅನವಶ್ಯಕ. ಚಕ್ಕಾದ ಹುಳಿಯೇ ಮಾವಿನ ಸಿಹಿಯನ್ನು ಎತ್ತಿ ತೋರಿಸುತ್ತದೆ. ಎರಡು ಪುದೀನಾ ಎಲೆ ಹರಿದು ಹಾಕಬಹುದು.

ಚಿಕ್ಕುವಿಗೆ ತುರಿದ ಪ್ರೊಸೆಸ್ಡ್ ಚೀಸ್ ಮತ್ತು ಹುರಿದು ಜಜ್ಜಿದ ಶೇಂಗಾ. ಚಿಕ್ಕುವಿನ ತಿರುಳು ಮರಳು ಮರಳಾಗಿ ಮೆತ್ತಗಿರುವುದರಿಂದ ಹಲ್ಲಿಗೆ ಸಿಗುವ ಒಂದು ಪದಾರ್ಥ ಬೇಕೇ ಬೇಕು, ಶೇಂಗಾ ಆ ಕೆಲಸ ಮಾಡುತ್ತದೆ. ಇದನ್ನು ಬಿಸಿಯಾಗಿಯೂ ಮಾಡಬಹುದು: ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚೀಸ್ ತುರಿಯನ್ನು ಹರಡಿ, ಸಣ್ಣ ಉರಿಯ ಹಂಚಿನ ಮೇಲಿಟ್ಟು, ಒಂದು ನಿಮಿಷ ಮುಚ್ಚಳ ಮುಚ್ಚಿ, ತುರಿ ಕರಗಿ ಮಿರುಗತೊಡಗಿದಾಗ ತೆಗೆದು ಮೇಲೆ ಚಿಕ್ಕುವಿನ ಹೋಳುಗಳನ್ನಿಡಬೇಕು. ಮನೆಯ ಪನೀರ್ ಹೀಗೆ ಕರಗುವುದಿಲ್ಲ. ಹುಳಿಯಿಂದ ಒಡೆಸಿದ ಪನೀರಿನ ಗುಣವೇ ಹಾಗೆ. ಅದನ್ನು ಕರಗಿಸಲು ಹೋಗಿ ಒಣಗಿಸಬಾರದು. ದ್ರಾಕ್ಷಿ ಮತ್ತು ಬಾಳೆಗೂ ಪ್ರೊಸೆಸ್ಡ್ ಚೀಸೇ ಸರಿ.

ಬ್ರೆಡ್ ಬೇಡವೆನ್ನುವವರು ಜೋಳದ ಖಡಕ್ ರೊಟ್ಟಿಯನ್ನು ಬಳಸಬಹುದು. ಅಂಗೈಯಗಲಕ್ಕೆ ಮುರಿದ ತುಂಡಿನ ಮೇಲೆ ಬೆಣ್ಣೆ, ಚಕ್ಕಾ, ಪೇರಲ, ಮೇಲೊಂದು ಚಿಟಿಕೆ ಶೇಂಗಾ ಚಟ್ನಿ ಪುಡಿ. ರೊಟ್ಟಿ ತೀರ ತೆಳುವಾಗಿರುವುದರಿಂದ ಬ್ರೆಡ್ಡಿಗಿಂತ ಬೇಗ ನೆನೆಯುತ್ತದೆ. ಹೀಗಾಗಿ ಇದನ್ನು ತಿನ್ನುವವರೇ ತಮ್ಮ ತಟ್ಟೆಯಲ್ಲಿ ಒಂದೊಂದಾಗಿ ಮಾಡಿಕೊಂಡು ತಿನ್ನುವುದು ಸರಿ. ಮಾವಿನಂಥ ರಸದ ಹಣ್ಣು ಇದಕ್ಕೆ ಒಗ್ಗುವುದಿಲ್ಲ.

ಮಕ್ಕಳಿಗೆ ಕೊಡುವಾಗ, ಡಬ್ಬಿಗೆ ಹಾಕುವಾಗ

ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿಯೂ ಅಡ್ಡ ಕೊಯ್ದೂ ಕೊಡಬಾರದು, ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು. ದುಂಡಗಿನ ಹಣ್ಣು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಇದೇ ಕಾರಣಕ್ಕೆ ಅವರಿಗೆ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಹಾಕಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೂಡದು.

ಶಾಲೆಯ ಡಬ್ಬಿಗೆ ಸಿದ್ಧ ಸ್ಯಾಂಡ್‌ವಿಚ್ ಹಾಕಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ರೆಡ್ ನೆನೆದಿರುತ್ತದೆ, ಅದಕ್ಕಿಂತ ಹೆಚ್ಚಾಗಿ ಪನೀರ್ ಮತ್ತು ಚಕ್ಕಾ ಹೊರಗಿನ ಸೆಕೆಯಲ್ಲಿ ಕೆಡುತ್ತವೆ. ಇವನ್ನು ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು, ಬಿಸಿಲು 32 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಯೇ ಮಿತಿ. ಕಳಿಸಲೇಬೇಕೆಂದರೆ ಕಾಯಿಸಿ ಬೆಣ್ಣೆ ಹಚ್ಚಿದ ಬ್ರೆಡ್ ಒಂದು ಡಬ್ಬಿಯಲ್ಲಿ, ಪೊಟ್ಟಣ ಬಿಚ್ಚದ ಪ್ರೊಸೆಸ್ಡ್ ಚೀಸ್ ಸ್ಲೈಸ್ ಅದರ ಜೊತೆಗೆ, ಹೆಚ್ಚದ ಚಿಕ್ಕ ಬಾಳೆಹಣ್ಣು ಬೇರೆಯಾಗಿ ಕೊಟ್ಟು, ತಿನ್ನುವ ಹೊತ್ತಿಗೆ ಜೋಡಿಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬಹುದು.

ಮಿಕ್ಕ ಪನೀರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿನ ಒಳಭಾಗದಲ್ಲಿಟ್ಟು ಎರಡು ದಿನದೊಳಗೆ ಬಳಸಬೇಕು. ಬಾಗಿಲಿನ ತಟ್ಟೆಯಲ್ಲಿ ಇಡಬಾರದು, ಬಾಗಿಲು ತೆರೆದಾಗಲೆಲ್ಲ ಅಲ್ಲಿಯ ತಂಪು ಏರಿಳಿಯುತ್ತದೆ. ಹೆಚ್ಚಿ ಉಳಿದ ಹಣ್ಣನ್ನು ಅದೇ ದಿನ ತಿಂದು ಮುಗಿಸಬೇಕು.